ಕಪ್ಪು ಚೀಲದೊಳಗಿನ ಬಾಟಲಿ

ಲುನೆನ್‌ಬರ್ಗ್, ಮಾರ್ಚ್ ೪

ಡಾಕ್ಟರ್ ಟಿಬೋ ಅವರಿಗೆ,

ನಿಮ್ಮ ಆಸ್ಪತ್ರೆಯ ಔಷಧ ಪರೀಕ್ಷೆ ಮುಗಿಯಿತೆಂದೂ, ರಕ್ತದೊತ್ತಡ ಕುಸಿದು ಶಾಕ್‌ಗೆ ಹೋದವರ ನರಕ್ಕೆ ಉಪ್ಪುನೀರು, ರಕ್ತದಿಂದ ತೆಗೆದ ಹಳದಿ ದ್ರವ ಈ ಎರಡರಲ್ಲಿ ಯಾವುದನ್ನು ಹಾಕಿದರೂ ಬದುಕಿದವರ ಸಂಖ್ಯೆ ಒಂದೇ ಎಂದೂ ಕಾಗದ ಬಂತು. ನನ್ನ ತಕರಾರೇನಿಲ್ಲ. ತೀರಿಕೊಂಡ ನನ್ನ ಗಂಡ ಲಾರ್ನ್‌ಗೆ ಹಾಕಿದ್ದು ಯಾವುದೆಂದು ತಿಳಿಸಿದರೆ ಸಾಕು.

ಒಳಗಿರುವುದು ಯಾವುದೆಂದು ಯಾರಿಗೂ ಗೊತ್ತಾಗಬಾರದೆಂದು ನೀವು ಬಾಟಲಿಗೆ ಕಪ್ಪು ಚೀಲ ತೊಡಿಸಿದ್ದಿರಿ. ಅದನ್ನು ನೋಡಿ ಅವನು, "ಮೂವತ್ತು ವರ್ಷ ಸಮುದ್ರದಲ್ಲಿ ಮೀನು ಹಿಡಿದವನು ಕಣೇ, ನಂಗೆ ಉಪ್ಪುನೀರೇ ಬಿದ್ದಿರುತ್ತೆ. ಪಂದ್ಯ ಕಟ್ತೀಯಾ?" ಎಂದ.

"ಕಟ್ತೀನಿ. ಅದು ರಕ್ತದಿಂದ ತೆಗೆದ ಹಳದಿ ದ್ರವಾನೇ" ಎಂದೆ. ಆ ಪಂದ್ಯವೇ ಅವನ ಕೊನೆಯ ಮಾತು.

ನಮ್ಮಲ್ಲಿ ಸೋತವರು ಭಾನುವಾರ ಮೀನಿನ ಸಾರು ಮಾಡಬೇಕು. ಅವನು ಹೋದ ಈ ಎರಡು ವರ್ಷದಿಂದ ನಾನು ಆ ಸಾರು ಮಾಡಿಲ್ಲ.

ಗೆದ್ದವನು ಅವನೇ ಆಗಿದ್ದರೆ ಶನಿವಾರದೊಳಗೆ ಬರೆಯಿರಿ. ಇಬ್ಬರಿಗಾಗುವಷ್ಟು ಮೀನು ತರಬೇಕು.

ಇಂತಿ,
ಈನಿಡ್ ಜ್ವಿಕರ್