ಬೊಜ್ಜದ ಊಟದ ಉಪ್ಪಿನಕಾಯಿ

ಖೈತಾನ್, ಕುವೈತ್
ಮೇ ೨೩, ಶನಿವಾರ

ಪ್ರೀತಿಯ ಅಕ್ಕಾ,

ನಿಮ್ಮ ಪಕ್ಷದ ನಾಯಕಿಯ ಅಂತರ್ಜಾಲದ ಪುಟದಲ್ಲಿ ಆ ಮಾತು ಬರೆದವನು ನಾನೇ. ಚುನಾವಣೆಯಲ್ಲಿ ಸೋತ ಹೆಂಗಸಿಗೆ, ಸೋತ ದಿನವೇ, ಆಕೆಗೆ ಅರ್ಥವಾಗದ ಭಾಷೆಯಲ್ಲಿ, ಸುಳ್ಳು ಹೆಸರಿನ ಹಿಂದೆ ನಿಂತು ಸಾವು ಬಯಸಿದೆ. ನಿನಗೆ ಇದು ಗೊತ್ತು. ಆದರೂ ನನ್ನ ಕೈಬರಹದಲ್ಲಿ ಒಮ್ಮೆ ಇರಲಿ ಎಂದು ಮೊದಲಿಗೇ ಬರೆದಿದ್ದೇನೆ.

ಇನ್ನು ಕೇಳಬೇಕಾದದ್ದು ಕೇಳುತ್ತೇನೆ. ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯ ಪಾಳಿ ಮುಗಿಸಿ ಊಟವೂ ಇಲ್ಲದೆ ಕೌನ್ಸಿಲ್ ಸಭೆಗೆ ಓಡುವುದನ್ನು ನಿಲ್ಲಿಸಿದೆಯಾ? ಅಮ್ಮನನ್ನು ಕೇಳಿದರೆ ‘ಅವಳು ಚೆನ್ನಾಗಿದ್ದಾಳೆ’ ಎನ್ನುತ್ತಾಳೆ. ಅಮ್ಮನ ಪ್ರಕಾರ ಫೋನ್ ಎತ್ತಿದವರೆಲ್ಲ ಚೆನ್ನಾಗಿದ್ದಾರೆ. ನೀನು ನನ್ನ ಫೋನ್ ಎತ್ತದೆ ಇವತ್ತಿಗೆ ಹನ್ನೊಂದು ದಿನ. ನಾನು ಇದ್ದೇನೆ. ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಘಟಕದಲ್ಲಿ ರಿಪೇರಿಯ ಕಾಲ, ಬೆಳಿಗ್ಗೆ ನಾಲ್ಕೂವರೆಗೆ ಬಸ್ಸು. ದಿನವಿಡೀ ಒತ್ತಡ ಅಳೆಯುವ ಗೇಜುಗಳನ್ನು ಬಿಚ್ಚುವುದು, ಪರೀಕ್ಷಿಸುವುದು, ಮತ್ತೆ ಕೂರಿಸುವುದು. ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಿಸುವ ನಿಯಮ ಜೂನ್ ಒಂದರಿಂದ; ಬಿಸಿಲಿಗೆ ಆ ತಾರೀಖನ್ನು ಯಾರೂ ಹೇಳಿಲ್ಲ.

ಒಂದು ವಿಷಯ ನಿನಗೆ ಎಂದೂ ಹೇಳಿಲ್ಲ ಅಕ್ಕ. ನನಗೆ ಇಪ್ಪತ್ತಾರು ತುಂಬಿತು, ಈವರೆಗೆ ಒಂದು ಓಟೂ ಹಾಕಿಲ್ಲ. ಊರಿನ ಪಟ್ಟಿಯಲ್ಲಿ ನನ್ನ ಹೆಸರಿದೆ. ಕಳೆದ ಸಲ ಸುಂದರ ಮಾವ ಅದರ ಮೇಲೆ ಬೆರಳಿಟ್ಟು ಫೋಟೊ ತೆಗೆದು ಕಳಿಸಿದ್ದರು. ಓಟಿನ ದಿನ ನಾನು ಇಲ್ಲಿರುತ್ತೇನೆ. ಇಲ್ಲಿ ನಾವು ವಾಸದ ಪರವಾನಗಿ, ಈ ಇಕಾಮಾ, ಇರುವ ತನಕ ಇರುವವರು, ಇಲ್ಲಿನ ವಿಷಯ ಇಲ್ಲಿನವರದು. ಹಾಗಾಗಿ ನಾನು ಬೆಳಗಿನಿಂದ ಸಂಜೆಯ ತನಕ ಕಾದು ನೋಡಿದ ಒಂದೇ ಚುನಾವಣೆ, ಇಂಗ್ಲಿಷರ ನಾಡಿನಲ್ಲಿ ನೀನಿರುವ ಊರಿನ ಕೌನ್ಸಿಲಿನದು, ನಮ್ಮ ನಗರಸಭೆಯಂಥದ್ದು. ಎಣಿಕೆಯ ದಿನ ಶುಕ್ರವಾರ, ನನಗೆ ರಜೆ. ಕೋಣೆಯಲ್ಲಿ ಮೂವರಲ್ಲವೇ ನಾವು: ರುಡಾಲ್ಫ್ ಅಂಕಲ್ ಇಗರ್ಜಿಗೆ ಹೋಗಿದ್ದರು, ಫಾಝಿಲ್ ಮಸೀದಿಯಿಂದ ಬಂದು ಮಲಗಿದ್ದ. ನೀನು ಅರುವತ್ತೊಂದು ಓಟಿನಿಂದ ಗೆದ್ದೆ ಎಂದು ಕಂಡಾಗ ಮಂಚದಿಂದ ಎದ್ದು ನಿಂತೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕೆಳಗಿಳಿದು ಕಿರಾಣಿ ಅಂಗಡಿಯವನಿಗೆ, ಅಕ್ಕ ಗೆದ್ದಳು ಎಂದೆ. ಅವನು ಕ್ರಿಕೆಟ್ಟಾ ಎಂದು ಕೇಳಿದ.

ನೀನು ಗೆದ್ದೆ, ಪಕ್ಷ ಸೋತಿತು. ಇಪ್ಪತ್ತೇಳು ಜನ ಇದ್ದದ್ದು ಒಂಬತ್ತಾಯಿತು. ನಿಮ್ಮ ನಾಯಕಿಯೇ ಸೋತಳು. ಸಂಜೆ ಮೈಕಿನ ಮುಂದೆ ನಿಂತು, ಹೊಣೆ ನನ್ನದು, ನಾಯಕತ್ವ ಬಿಡುತ್ತೇನೆ ಎಂದಳು. ನನಗೆ ಕಂಡದ್ದು ಅವಳ ಮುಖವಲ್ಲ, ಆ ಕರಪತ್ರ. ‘ಕೌನ್ಸಿಲ್ ಮನೆಗಳು ಮೊದಲು ಊರಿನವರಿಗೆ’ ಎಂದು ಅವಳ ಸಹಿಯೊಡನೆ ಅಚ್ಚಾದದ್ದು, ಎಂದರೆ ಕಡಿಮೆ ಬಾಡಿಗೆಯ ಆ ಮನೆಗಳು ಹೊರಗಿನಿಂದ ಬಂದವರಿಗೆ ಕೊನೆಗೆ. ಅದನ್ನು ಹಿಡಿದು ಮಳೆಯಲ್ಲಿ ಬಾಗಿಲು ಬಾಗಿಲು ತಟ್ಟಿದವಳು ನೀನು, ಹನ್ನೊಂದು ವರ್ಷ ಆ ಊರಿನ ರೋಗಿಗಳ ಮೈ ಒರೆಸಿದ ಮೇಲೂ ಎಲ್ಲಿಂದ ಬಂದವಳು ಎಂದು ಕೇಳಿಸಿಕೊಳ್ಳುವವಳು. ಆ ಕರಪತ್ರದ ಮೇಲಿನ ನನ್ನ ಸಿಟ್ಟು ಇವತ್ತೂ ಹಾಗೇ ಇದೆ. ಅದನ್ನು ಈ ಪತ್ರದಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಸೋತ ಪಕ್ಷ ಏಕೆ ಸೋತಿತು ಎಂದು ಕೇಳುವ ಹಕ್ಕು ಕುವೈತಿನಲ್ಲಿ ಗೇಜು ಬಿಚ್ಚುವವನಿಗೂ ಇದೆ.

ಆದರೆ ನಾನು ಕೇಳಿದ್ದು ಅದನ್ನಲ್ಲವಲ್ಲ. ‘ಕಡಲ ಕಿಡಿ’ ಎಂಬ ಹೆಸರಿನಲ್ಲಿ ಅವಳ ಪುಟಕ್ಕೆ ಹೋಗಿ ಕನ್ನಡದಲ್ಲಿ ಬರೆದೆ: ‘ನಿನ್ನ ಬೊಜ್ಜದ ಊಟಕ್ಕೆ ಉಪ್ಪಿನಕಾಯಿ ನಾನೇ ಬಡಿಸುತ್ತೇನೆ.’ ರತ್ನಾವತಿ ಅಜ್ಜಿಯ ಮಾತು. ನಲ್ಲಿ ತೆರೆದಿಟ್ಟವರಿಗೆ, ಮೀನು ಕದ್ದ ಬೆಕ್ಕಿಗೆ, ಕರೆಂಟು ಕಡಿದ ಲೈನ್‌ಮ್ಯಾನಿಗೆ, ಒಂದೇ ರಾಗದಲ್ಲಿ ಹೇಳುತ್ತಿದ್ದಳಲ್ಲ, ‘ನಿನ್ನ ಬೊಜ್ಜದ ಒಣಸ್‌ಗ್ ಉಪ್ಪಡ್ ಯಾನೇ ಬಳಸುವೆ.’ ತುಳುವರ ಮನೆಗಳಲ್ಲಿ ‘ನಿನ್ನ ಬೊಜ್ಜ’ ಕೇಳದ ದಿನವಿಲ್ಲ. ಸತ್ತವರಿಗೆ ಮಾಡುವ ಕರ್ಮವನ್ನು ಬದುಕಿದ್ದವರಿಗೆ ಹಂಚಿ ನಗುವವರು ನಾವು. ಅದಕ್ಕೆ ಊಟವನ್ನೂ ಉಪ್ಪಿನಕಾಯಿಯನ್ನೂ ಸೇರಿಸಿದವಳು ನಮ್ಮ ಅಜ್ಜಿ ಒಬ್ಬಳೇ. ಸುಳ್ಳು ಹೆಸರು ಇಟ್ಟುಕೊಂಡ ಬುದ್ಧಿವಂತ ನಾನು, ನನ್ನ ಮನೆಯ ವಿಳಾಸವನ್ನೇ ಬರೆದು ಬಂದಿದ್ದೆ.

ಇಲ್ಲಿ ನಮಗೆ ಅದೊಂದು ಅಭ್ಯಾಸ. ಫೋರ್‌ಮನ್ ಬೈದರೆ ‘ಯೆಸ್ ಸರ್’ ಎನ್ನುವ ಮುಖದಲ್ಲೇ ನಕ್ಕು ತುಳುವಿನಲ್ಲಿ ಅವನ ಬೊಜ್ಜ ಮಾಡಿ ಮುಗಿಸುತ್ತೇವೆ. ಅವನೂ ನಗುತ್ತಾನೆ. ಕೇಳುವವನಿಗೆ ಅರ್ಥವಾಗದಿದ್ದರೆ ಬೈದಂತಲ್ಲ ಎಂದು ನಂಬಿಕೊಂಡು ಎಷ್ಟೋ ಜನ ಇಲ್ಲಿ ಮೂವತ್ತು ವರ್ಷ ಕಳೆದಿದ್ದಾರೆ. ನಾನೂ ಅದೇ ಧೈರ್ಯದಲ್ಲಿ ಬರೆದೆ. ಬರೆದು ಚಹಾ ಮಾಡಿಕೊಂಡೆ.

ಹನ್ನೆರಡನೆಯ ತಾರೀಖು ನಿನ್ನ ಫೋನ್ ಬಂತು. ಹೇಗಿದ್ದೀಯ ಎನ್ನಲಿಲ್ಲ. ‘ಸುಮಿ, ಉಪ್ಪಿನಕಾಯಿ ಯಾವುದು? ಮಾವಿನಮಿಡಿದಾ, ಅಂಬಟೆದಾ?’ ಎಂದೆ. ನೀನು ಫೋನ್ ಇಟ್ಟುಬಿಟ್ಟೆ.

ಉಳಿದದ್ದನ್ನು ಹೇಳಿದವಳು ಶೆರಿಲ್. ನಿನ್ನ ಆಸ್ಪತ್ರೆಯ ಗೆಳತಿ ರುಡಾಲ್ಫ್ ಅಂಕಲ್‌ನ ಮಗಳು ಎಂಬುದು ನನಗೆ ಇಷ್ಟು ದಿನ ಅನುಕೂಲವೇ ಆಗಿತ್ತು. ಅಪ್ಪನನ್ನು ನೋಡಲು ರಜೆಯಲ್ಲಿ ಬಂದವಳು ಹೋದ ವಾರ, ಹದಿನೈದನೆಯ ತಾರೀಖು ಶುಕ್ರವಾರ, ನಮ್ಮ ಕೋಣೆಗೆ ಬಂದಳು. ಅಂಕಲ್ ಬಂಗುಡೆ ಕೊಯ್ಯುತ್ತಿದ್ದರು. ಅವಳು ನಿಂತೇ ಹೇಳಿದಳು. ಸೋತ ಮೇಲೆ ನಾಯಕಿಗೆ ಬಂದ ಬೈಗುಳಗಳನ್ನೆಲ್ಲ ಪೊಲೀಸರಿಗೆ ಕೊಡಲು ಪಕ್ಷದ ಕಚೇರಿಯಲ್ಲಿ ಮುದ್ರಿಸಿ ಇಟ್ಟಿದ್ದರಂತೆ, ಇನ್ನೂರಕ್ಕೂ ಹೆಚ್ಚು. ಅವುಗಳ ನಡುವೆ ಕನ್ನಡದ ಒಂದು ಸಾಲು. ಯಂತ್ರಕ್ಕೆ ಬೊಜ್ಜ ಗೊತ್ತಿಲ್ಲ, ಬೊಜ್ಜು ಗೊತ್ತು. ‘ನಿಮ್ಮ ಹೊಟ್ಟೆಯ ಊಟಕ್ಕೆ ನಾನೇ ಉಪ್ಪಿನಕಾಯಿ ಬಡಿಸುವೆ’ ಎಂದು ಅದು ಅನುವಾದ ಮಾಡಿತ್ತಂತೆ. ನಾಯಕಿ ಅದನ್ನು ಗಟ್ಟಿಯಾಗಿ ಓದಿ ನಕ್ಕರಂತೆ. ಸೋತ ಮೇಲೆ ಆ ಕೋಣೆಯಲ್ಲಿ ಕೇಳಿದ ಮೊದಲ ನಗು. ಇಷ್ಟು ಜನರಲ್ಲಿ ನನ್ನ ಊಟದ ಬಗ್ಗೆ ಯೋಚಿಸಿದವರು ಒಬ್ಬರಾದರೂ ಇದ್ದಾರಲ್ಲ ಎಂದು, ಆ ಹಾಳೆಯನ್ನು ಗೋಡೆಗೆ ಅಂಟಿಸಲು ಪಿನ್ನು ಹುಡುಕಿದರಂತೆ.

ನಗದೆ ಕುಳಿತವಳು ನೀನೊಬ್ಬಳೇ ಎಂದಳು ಶೆರಿಲ್. ನೀನು ಎದ್ದು ಹೇಳಿದೆಯಂತೆ, ಇದರ ಅರ್ಥ ಅದಲ್ಲ, ನಿಮ್ಮ ಸಾವಿನ ಊಟಕ್ಕೆ ಬಡಿಸುತ್ತೇನೆ ಎಂದು ಇದೆ, ಬರೆದವನು ನನ್ನ ತಮ್ಮ. ಪಿನ್ನು ಹಿಡಿದ ಅವರ ಕೈ ಹಾಗೇ ನಿಂತಿತಂತೆ. ಹೊಸ ನಾಯಕಿಯ ಸ್ಥಾನಕ್ಕೆ ನೀನು ಹೆಸರು ಕೊಟ್ಟದ್ದೇ, ಸೋತವರನ್ನೂ ಗೆದ್ದವರನ್ನೂ ಮನುಷ್ಯರ ಹಾಗೆ ಮಾತನಾಡಿಸೋಣ ಎಂಬ ಒಂದೇ ಮಾತಿನ ಮೇಲೆ. ಸ್ವಂತ ಮನೆಯಲ್ಲಿ ಕಲಿಸಲಾಗದವಳು ಊರಿಗೆ ಏನು ಹೇಳಲಿ ಎಂದು ಅಲ್ಲೇ ಆ ಹೆಸರು ಹಿಂದಕ್ಕೆ ತೆಗೆದುಕೊಂಡೆಯಂತೆ. ‘ಅನ್ವಿತಾ ಸುಮ್ಮನಿದ್ದಿದ್ದರೆ ಫಿನಿಶ್, ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ’ ಎಂದಳು ಶೆರಿಲ್. ರುಡಾಲ್ಫ್ ಅಂಕಲ್ ಮೀನಿನಿಂದ ತಲೆ ಎತ್ತದೆ, ‘ಬೈಯುದಾದರೆ ಎದುರು ನಿಂತು ಬೈಯ್ಯಬೇಕು ಮಾರಾಯ, ಇಲ್ಲದಿದ್ದರೆ ಬಾಯಿ ಮುಚ್ಚಿ ಈರುಳ್ಳಿ ಕೊಯ್ಯಬೇಕು’ ಎಂದರು. ನಾನು ಈರುಳ್ಳಿ ಕೊಯ್ದೆ.

ನಿಜ ಹೇಳುತ್ತೇನೆ, ಎರಡು ದಿನ ನನಗೆ ನಿನ್ನ ಮೇಲೇ ಸಿಟ್ಟು. ಹೊಟ್ಟೆ ಎಂದೇ ಇರಲು ಬಿಡಬಹುದಿತ್ತು. ಅವರೂ ನಗುತ್ತಿದ್ದರು, ನೀನೂ ನಾಯಕಿಯಾಗುತ್ತಿದ್ದೆ, ನಾನೂ ಉಳಿಯುತ್ತಿದ್ದೆ. ಬಸ್ಸಿನಲ್ಲಿ ಫಾಝಿಲ್‌ನ ಹತ್ತಿರ ಹೇಳಿಕೊಂಡೆ, ನಾವು ದಿನವೂ ಬೈಯುವುದಿಲ್ಲವಾ ಎಂದು. ಅವನು ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದವನು ಹಾಗೇ ಹೇಳಿದ: ‘ಭಾಯಿ, ನಾವು ಬೈಯುದು ಫೋರ್‌ಮನ್‌ಗೆ ತಿಳಿಯಬಾರದು ಅಂತ. ನೀನು ಬೈದದ್ದು ಅವಳ ಮನೆ ಬಾಗಿಲಿಗೆ ಹೋಗಿ. ಅದು ಬೇರೆ.’

ನನ್ನ ಪೆಟ್ಟಿಗೆಯಲ್ಲಿರುವ ಕಿರುಹೊತ್ತಗೆಗಳ ಕಟ್ಟು ನಿನಗೆ ನೆನಪಿರಬಹುದು. ಬಸ್‌ಸ್ಟ್ಯಾಂಡಿನ ಎದುರು ಹತ್ತು ಹತ್ತು ರೂಪಾಯಿಗೆ ಮಾರುತ್ತಿದ್ದವು. ನಾನು ಕಾಲೇಜಿನಲ್ಲಿ ಓದಿದ್ದಕ್ಕಿಂತ ಅವುಗಳಲ್ಲಿ ಓದಿದ್ದು ಹೆಚ್ಚು. ಅದರಲ್ಲಿ ಒಂದು ಸಾಲಿದೆ, ‘ಆಳುವವರಿಗೆ ಬಹುವಚನ ಕೊಡಬೇಡಿ.’ ಕೆಂಪು ಶಾಯಿಯಲ್ಲಿ ಗೆರೆ ಎಳೆದವನು ನಾನು. ಅಂದಿನಿಂದ ಮಂತ್ರಿ, ಸಾಹುಕಾರ, ಯಾರೇ ಇರಲಿ, ನನಗೆ ಅವನು, ಅವಳು. ನಿಮ್ಮ ನಾಯಕಿಗೆ ನೀನು ಎಂದು ಬರೆದಾಗಲೂ ಇಂಗ್ಲಿಷಿನಲ್ಲಿಲ್ಲದ ಒಂದು ಏಟನ್ನು ಕನ್ನಡದಲ್ಲಿ ಕೊಟ್ಟೆ ಎಂದು ಖುಷಿಪಟ್ಟಿದ್ದೆ. ಶೆರಿಲ್ ಇನ್ನೊಂದು ಮಾತು ಹೇಳಿದಳು: ಸೋತ ಮಾರನೆಯ ಬೆಳಿಗ್ಗೆ ಆ ಅರುವತ್ತು ದಾಟಿದ ಹೆಂಗಸು ತಾನೇ ಮನೆಮನೆಯ ಅಂಗಳಕ್ಕೆ ಹೋಗಿ ಪಕ್ಷದ ಪ್ರಚಾರದ ಹಲಗೆಗಳನ್ನು ಕಿತ್ತು ಕಾರಿಗೆ ತುಂಬಿ, ಒಬ್ಬೊಬ್ಬರಿಗೂ ಧನ್ಯವಾದ ಹೇಳಿ ಬಂದರಂತೆ. ಅವತ್ತು ಅವರು ಯಾರನ್ನು ಆಳುತ್ತಿದ್ದರು? ಆ ಸಾಲು ಬರೆದವರು ಅರಮನೆಯವರನ್ನು ನೆನೆದು ಬರೆದಿರಬೇಕು. ನಾನು ಅದನ್ನು ಹಲಗೆ ಹೊರುವವರ ಮೇಲೆ ಎಸೆದೆ. ಪತ್ರದ ಮೊದಲಲ್ಲಿ ಅವಳು ಎಂದು ಬರೆದದ್ದನ್ನು ತಿದ್ದಿಲ್ಲ. ನಾನು ಎಲ್ಲಿಂದ ಬಂದೆ ಎಂದು ನಿನಗೆ ಕಾಣಲಿ.

ಇನ್ನೊಂದು ಇದೆ, ಹೇಳಲು ಕಷ್ಟ. ಅಜ್ಜಿಯ ಬೊಜ್ಜಕ್ಕೆ ನಾವಿಬ್ಬರೂ ಹೋಗಲಿಲ್ಲ. ನಿನಗೆ ರಜೆ ಸಿಗಲಿಲ್ಲ, ನನ್ನ ಇಕಾಮಾ ನವೀಕರಣಕ್ಕೆ ಹೋಗಿತ್ತು. ಸುಂದರ ಮಾವ ಫೋನ್ ಹಿಡಿದು ತೋರಿಸಿದರು. ನೀನು ಅಲ್ಲಿ ಆಸ್ಪತ್ರೆಯ ಮೆಟ್ಟಿಲಲ್ಲಿ, ನಾನು ಇಲ್ಲಿ ಸೈಟಿನ ನೆರಳಲ್ಲಿ. ಎಲೆಗೆ ಬಡಿಸುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಅಂದಿನಿಂದ ಆ ಮಾತು ನನ್ನ ಬಾಯಲ್ಲಿ ಬಂದಿರಲಿಲ್ಲ. ಎರಡು ವರ್ಷದ ಮೇಲೆ ಮೊದಲ ಸಲ ಅಜ್ಜಿಯ ಮಾತು ತೆಗೆದೆ, ಗುರುತಿಲ್ಲದವರನ್ನು ಸಾಯಿಸಲು ತೆಗೆದೆ. ಬೆಕ್ಕಿಗೆ ಹಾಗೆ ಬೈದು ಅಜ್ಜಿ ಅದೇ ಬೆಕ್ಕಿಗೆ ಮೀನಿನ ತಲೆ ಹಾಕುತ್ತಿದ್ದಳು. ನನ್ನ ಕೈಯಲ್ಲಿ ಹಾಕಲು ಏನೂ ಇರಲಿಲ್ಲ.

ಈಗ ನಾನು ಕೇಳುವುದು ಇಷ್ಟು. ನಿನ್ನ ಹೆಸರನ್ನು ಮತ್ತೆ ಕೊಡು. ನನ್ನ ಬಾಯಿಗೆ ನೀನು ಜಾಮೀನಲ್ಲ ಅಕ್ಕ. ಹನ್ನೊಂದು ವರ್ಷದವನನ್ನು ಕೈಹಿಡಿದು ಶಾಲೆಗೆ ಕರೆದೊಯ್ದೆ, ಅಲ್ಲಿಗೆ ನಿನ್ನ ಕೆಲಸ ಮುಗಿಯಿತು. ಎಲ್ಲರೂ ನಗುತ್ತಿದ್ದಾಗ, ತಮ್ಮನ ಮಾತು ಮುಚ್ಚಿಹೋಗುತ್ತಿದ್ದಾಗ, ಎದ್ದು ಅದರ ನಿಜವಾದ ಅರ್ಥ ಹೇಳಿದವಳು ಒಂಬತ್ತು ಜನರ ಪಕ್ಷಕ್ಕೆ ಬೇಕು. ನಾಯಕಿಯಾದರೆ ಮೊದಲು ಆ ಕರಪತ್ರದ ವಿಷಯ ತೆಗೆ. ನೀನು ತೆಗೆಯದಿದ್ದರೆ ನಾನು ಬರೆಯುತ್ತೇನೆ, ಸ್ವಂತ ಹೆಸರಿನಲ್ಲಿ, ನಿನಗೂ ಬಹುವಚನ ಕೊಟ್ಟು. ಮೊನ್ನೆ ಗುರುವಾರ ಸಂಜೆ ನಿಮ್ಮ ನಾಯಕಿಗೂ ಇಮೇಲಿನಲ್ಲಿ ಒಂದು ಪತ್ರ ಕಳಿಸಿದ್ದೇನೆ, ನನಗೆ ಬರುವ ಇಂಗ್ಲಿಷಿನಲ್ಲಿ. ಹೆಸರು, ಕೆಲಸ, ಊರು ಎಲ್ಲ ಬರೆದು, ತಪ್ಪು ನನ್ನದು, ಅಕ್ಕನದಲ್ಲ ಎಂದಿದ್ದೇನೆ. ಪೊಲೀಸರಿಗೆ ಕೊಡುವ ಕಾಗದಗಳಲ್ಲಿ ನನ್ನದೂ ಹೋಗಲಿ ಎಂದಿದ್ದೇನೆ. ಹೆದರಿಕೆ ಇದೆ. ಕಂಪನಿಗೆ ಗೊತ್ತಾದರೆ ಖಲಾಸ್. ಆದರೂ ಕಳಿಸಿದೆ.

ಈ ಪತ್ರವನ್ನು ನಾಳೆ ಶೆರಿಲ್ ಒಯ್ಯುತ್ತಾಳೆ, ಸೋಮವಾರ ನಿನ್ನ ಕೈಗೆ ಕೊಡುತ್ತಾಳೆ. ರುಡಾಲ್ಫ್ ಅಂಕಲ್, ಫಾಝಿಲ್ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ಈ ಕೋಣೆಯಲ್ಲಿ ಮೂವರಿದ್ದೇವೆ, ಆದರೂ ನನ್ನನ್ನು ಸುಮಿ ಎಂದು ಕರೆಯುವವರು ಇಲ್ಲ.

ನಿನ್ನ ಕಾಲು ಮುಟ್ಟಲಾಗದಷ್ಟು ದೂರದಿಂದ,
ನಿನ್ನ ತಮ್ಮ
ಸುಮಿತ್

ತಾ.ಕ.: ಲಕೋಟೆ ಅಂಟಿಸುವಾಗ ನಿಮ್ಮ ನಾಯಕಿಯ ಉತ್ತರ ಬಂತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಕರಪತ್ರದ ವಿಷಯದಲ್ಲಿ ನನ್ನ ಜೊತೆ ಜಗಳವಾಡಲು ಅವರು ಸಿದ್ಧರಂತೆ. ಆದರೆ ನನ್ನ ತಪ್ಪೊಪ್ಪಿಗೆಯನ್ನು ಕಾಗದದಲ್ಲಿ ಒಪ್ಪಿಕೊಳ್ಳುವುದಿಲ್ಲವಂತೆ, ಮುಖ ನೋಡಿ ಹೇಳಬೇಕಂತೆ, ನೀನೂ ಪಕ್ಕದಲ್ಲಿ ಕುಳಿತಿರಬೇಕಂತೆ. ನಿನ್ನ ನಾಮಪತ್ರವನ್ನು ಅವರು ಹರಿದಿಲ್ಲ, ಮೇಜಿನ ಖಾನೆಯಲ್ಲಿಟ್ಟಿದ್ದಾರೆ. ಅದನ್ನು ಕೊಡಲು ಶುಕ್ರವಾರ ಸಂಜೆ ಐದರ ತನಕ ಸಮಯವಿದೆ ಎಂದು ಎರಡು ಸಲ ಬರೆದಿದ್ದಾರೆ. ನಾನು ವಿಡಿಯೊದಲ್ಲಿ ಬರುತ್ತೇನೆ, ನೀನು ನಿಮ್ಮ ಪಕ್ಷದ ಕಚೇರಿಗೆ ಬಾ. ಮೇ ೨೯, ಶುಕ್ರವಾರ, ನಿಮ್ಮಲ್ಲಿ ಬೆಳಿಗ್ಗೆ ಹನ್ನೊಂದೂವರೆ, ನಮ್ಮಲ್ಲಿ ಮಧ್ಯಾಹ್ನ ಒಂದೂವರೆ.