ಒಡೆದ ಅಂಚಿನ ರಕ್ತ

7 ಮಾರ್ಚ್ 1994, ಅಮೆರಿಕದ ನಾರ್‌ಕ್ರಾಸ್

ಅಂಗಡಿಗೆ ಮಾರಾಟಕ್ಕೆ ಬಂದ ಪೆರುವಿನ ಮೂರು ಹಳೇ ಅಡುಗೆ ಮಡಕೆ ತೊಳೆದೆ. ತಳದಲ್ಲಿ ಮಸಿ. ಊರಲ್ಲಿ ಅಪ್ಪ ಮಾಡಿ, ಅಮ್ಮ ಒಲೆಗಿಟ್ಟ ಮಡಕೆಯ ಮಸಿಯೂ ಹೀಗೇ. ನಾಲ್ಕನೆಯದು ದೊಡ್ಡ ಹಂಡೆ. ಪ್ಯಾಕಿಂಗ್ ಮಾಡುವ ಇಲಾರಿಯೊ ಅದೇ ದೇಶದವ. "ನನ್ನಜ್ಜಿ ಇಂಥದ್ದರಲ್ಲೇ ಮೆಕ್ಕೆಜೋಳದ ಕಳ್ಳು ಇಡ್ತಿದ್ಲು" ಎಂದ. ಅವನು ನಕ್ಕದ್ದು ಇವತ್ತೇ ನೋಡಿದ್ದು.

9 ಮಾರ್ಚ್

ಹೊಸ ಪೆಟ್ಟಿಗೆ. ಕಾಲಿರುವ ಮಣ್ಣಿನ ಬಟ್ಟಲು, ನಾಲ್ಕು ಚೂರು. ಸುತ್ತ ಚಿತ್ರ — ಕುತ್ತಿಗೆಗೆ ಹಗ್ಗ ಬಿದ್ದ ಬೆತ್ತಲೆ ಸೆರೆಯಾಳುಗಳು. ಒಬ್ಬನ ಗಂಟಲು ಕುಯ್ಯುತ್ತಿದ್ದಾರೆ. ಪೂಜಾರಿಯೊಬ್ಬ ಆ ರಕ್ತ ತುಂಬಿದ ಇಂಥದ್ದೇ ಬಟ್ಟಲನ್ನು ದೊರೆಗೆ ನೀಡುತ್ತಿದ್ದಾನೆ. ಒಳಗೆ ಕಂದು ಕಲೆ. ಅಂಗಡಿಯ ಯಜಮಾನ ಕ್ಲೈಡ್‌ಗೆ ಖುಷಿಯೋ ಖುಷಿ. "ಸಾವಿರದೈನೂರು ವರ್ಷದ ಬಲಿರಕ್ತ! ಮುಟ್ಟಬೇಡ."

10 ಮಾರ್ಚ್

ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಒಡೆದ ಅಂಚು ಹೊಸ ಇಟ್ಟಿಗೆಯಷ್ಟು ಕೆಂಪು, ಒಂದು ಕಣ ಮಣ್ಣಿಲ್ಲ. ಅಂದರೆ ಒಡೆದದ್ದು ಇತ್ತೀಚೆಗೆ. ಆ ಅಂಚಿನ ಮೇಲೂ ಕಲೆ ಇಳಿದಿದೆ. ಮೊದಲು ಬಟ್ಟಲು ಒಡೆದಿದೆ, ಆಮೇಲೆ ರಕ್ತ...

11 ಮಾರ್ಚ್

ಕ್ಲೈಡ್‌ಗೆ ಹೇಳಿದೆ. ಬಾಗಿಲು ಹಾಕಿದ. ನನ್ನ ಮಣಿಕಟ್ಟು ತಿರುಚಿ ಮೇಜಿಗೆ ಒತ್ತಿದ. "ಅಂಚು ತೊಳಿ. ಒಳಗಿನದು ಬಿಡು. ನಿನ್ನ ವೀಸಾ ನನ್ನ ಕೈಯಲ್ಲಿದೆ, ನೆನಪಿರಲಿ." ಮೂಳೆ ಲಟಕ್ಕೆಂದಿತು.

ಮನೆಯಲ್ಲಿ ಇವರು ಕೇಳಿದರು: "ಕೈಗೆ ಎಂತ ಆಯ್ತು ಕುಸುಮ?"

"ಬಾಗಿಲಿಗೆ ತಾಗಿತು."

14 ಮಾರ್ಚ್

ತೊಳೆದೆ. ನಾಲ್ಕೂ ಚೂರಿನ ಅಂಚು. ನೀರು ಕೆಂಪಾಗಿ, ಮತ್ತೆ ತಿಳಿಯಾಯಿತು.

ಮಧ್ಯಾಹ್ನ ಇಲಾರಿಯೊ ಒಳಗೆ ಬಂದ. ಬಟ್ಟಲು ನೋಡಿ ನೆಲದ ಮೇಲೆ ಕುಸಿದ. ಅದನ್ನು ಹಳೇ ಗೋರಿಯಿಂದ ಅಗೆದು ತೆಗೆದವನು ಅವನ ತಮ್ಮ ಎಲ್ಮೆರ್. ಕೊಳ್ಳುವವರ ಕಡೆಯವರು ಬಂದರು. ತಮ್ಮ ಕೊಡಲಿಲ್ಲ. ಗುದ್ದಲಿಯಿಂದ ತಲೆಗೆ ಹೊಡೆದರು. ಬಟ್ಟಲು ಅವನ ಕೈಯಲ್ಲೇ ಒಡೆಯಿತು. ಅದೇ ಗುಂಡಿಯಲ್ಲಿ ಹೂತರು. ಜೊತೆಗೆ ಅಗೆಯುತ್ತಿದ್ದವನೊಬ್ಬ ಅಡಗಿ ಕೂತು ಇದನ್ನೆಲ್ಲ ನೋಡಿ, ಬಟ್ಟಲಿನ ಚಿತ್ರದ ಸಮೇತ ಇವನಿಗೆ ಹೇಳಿದ್ದನಂತೆ. ಪೆಟ್ಟಿಗೆಗಳು ಹೋಗುವ ವಿಳಾಸ ಹುಡುಕಿಕೊಂಡು ಇವನು ಇಲ್ಲಿ ಕೆಲಸಕ್ಕೆ ಸೇರಿದ. ಆರು ತಿಂಗಳಿಂದ ಕಾಯುತ್ತಿದ್ದ.

"ಒಳಗಿರೋದು ಹಳೇ ರಕ್ತವಾ?" ಎಂದು ಕೇಳಿದ.

"ಅಲ್ಲ" ಎಂದೆ.

ಹೇಳಬಾರದಿತ್ತೇನೋ.

15 ಮಾರ್ಚ್, ಸಂಜೆ 5

ಬೆಳಿಗ್ಗೆ ಇಲಾರಿಯೊ ಬಟ್ಟಲಿನ ಚೂರುಗಳನ್ನು ಕ್ಲೈಡ್‌ನ ಮೇಜಿನ ಮೇಲಿಟ್ಟ. "ನನ್ನ ತಮ್ಮನ್ನ ಕೊಂದವರ ಹೆಸರು ಹೇಳು."

ಕ್ಲೈಡ್ ನಕ್ಕ. "ನಿಮ್ಮವರು ಮೊದಲಿಂದಲೂ ಒಬ್ಬರ ರಕ್ತ ಒಬ್ಬರು ಕುಡಿದವರೇ ಅಲ್ವಾ?"

ಇಲಾರಿಯೊ ಪೆಟ್ಟಿಗೆ ಒಡೆಯುವ ಹಾರೆ ಬೀಸಿದ. ಮೊದಲ ಏಟಿಗೆ ದವಡೆ ಜೋತುಬಿತ್ತು. ಎರಡನೆಯದಕ್ಕೆ ಹಲ್ಲು ನನ್ನ ಕಾಲ ಬಳಿ ಉರುಳಿದವು. ಕ್ಲೈಡ್ ಬಿದ್ದಲ್ಲಿಂದಲೇ ಡ್ರಾಯರ್ ಎಳೆದ. ಎರಡು ಗುಂಡು. ಇಲಾರಿಯೊನ ಹೊಟ್ಟೆಗೆ ನನ್ನ ಏಪ್ರನ್ ಒತ್ತಿ ಹಿಡಿದೆ. ಬಿಸಿ. ಬೆರಳ ಸಂದಿಯಿಂದ ಉಕ್ಕುತ್ತಲೇ ಇತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ನಿಂತಿತು, ಉಸಿರೂ.

19 ಮಾರ್ಚ್

ಮುರಿದ ದವಡೆಗೆ ತಂತಿ ಕಟ್ಟಿಸಿಕೊಂಡ ಕ್ಲೈಡ್ ಪೊಲೀಸರಿಗೆ ಬರೆದುಕೊಟ್ಟಿದ್ದಾನೆ — ಕಳ್ಳತನಕ್ಕೆ ಬಂದವನಿಗೆ ಜೀವ ಉಳಿಸಿಕೊಳ್ಳಲು ಗುಂಡು ಹೊಡೆದೆ ಎಂದು. ನನ್ನನ್ನು ಕೇಳಿದರು. ಹಿಂದಿನ ಕೋಣೆಯಲ್ಲಿದ್ದೆ, ಗುಂಡಿನ ಸದ್ದಿಗೆ ಓಡಿ ಬಂದೆ, ಅದಕ್ಕೆ ಮೊದಲು ಏನೂ ಕೇಳಿಸಲಿಲ್ಲ ಎಂದೆ.

ಇವರು: "ಬಾಯಿ ಬಿಡ್ಬೇಡ ಮಾರಾಯ್ತಿ. ನಮ್ಮನ್ನು ವಾಪಸ್ ಕಳಿಸ್ತಾರೆ."

4 ಏಪ್ರಿಲ್

ಪೆರುವಿನಿಂದ ಮನೆಗೆ ಫೋನ್. ಇಲಾರಿಯೊನ ತಾಯಿ; ನಮ್ಮ ನಂಬರ್ ಅವನೇ ಕಾಗದದಲ್ಲಿ ಬರೆದಿದ್ದನಂತೆ. ಅವಳ ಮಾತನ್ನು ಯಾರೋ ಹೆಂಗಸು ಇಂಗ್ಲಿಷ್‌ನಲ್ಲಿ ಹೇಳಿದಳು. ಹೆಣ ಕಳಿಸಿ ಎನ್ನುತ್ತಾಳೆ ಅಂದುಕೊಂಡಿದ್ದೆ. ಕೇಳಿದ್ದು ಒಂದೇ ಮಾತು: "ನನ್ನ ಮಗ ಕಳ್ಳನಾ?"

ಫೋನ್ ಇಟ್ಟು ಇವರಿಗೆ ಎಲ್ಲ ಹೇಳಿದೆ. ಕೈಯದ್ದೂ. ಕಾರಿನ ಕೀ ತೆಗೆದು ಮೇಜಿನ ಮೇಲಿಟ್ಟರು: "ಬೆಳಿಗ್ಗೆ ಠಾಣೆಗೆ ಹೋಗುವ."

5 ಏಪ್ರಿಲ್, ಬೆಳಿಗ್ಗೆ 10

ಪೊಲೀಸ್ ಠಾಣೆಯ ಬೆಂಚು. ಅಂಚಿನ ರಕ್ತ ನಾನೇ ತೊಳೆದಿದ್ದೇನೆ. ಒಳಗಿನ ಕಲೆ ಹೊಸದೆನ್ನಲು ಉಳಿದಿರುವುದು ನನ್ನ ಮಾತು ಮಾತ್ರ — ಒಮ್ಮೆ ಸುಳ್ಳು ಹೇಳಿದವಳ ಮಾತು. ನಂಬುತ್ತಾರೋ, ವಿಮಾನ ಹತ್ತಿಸುತ್ತಾರೋ.

ಬಾಗಿಲು ತೆರೆಯಿತು. ನನ್ನ ಹೆಸರು ಕರೆಯುತ್ತಿದ್ದಾರೆ, ತಪ್ಪು ತಪ್ಪಾಗಿ. ಇವರು ನನ್ನ ಬ್ಯಾಗ್ ಎತ್ತಿಕೊಂಡರು.

"ಹೋಗು ಕುಸುಮ. ನಾನು ಇಲ್ಲೇ ಇರ್ತೇನೆ. ಎಂತದೂ ಹೇಳದೆ ಬಿಡ್ಬೇಡ."

ಎದ್ದೆ. ಮೊದಲು ಹೇಳಬೇಕಾದದ್ದು — ಇಲಾರಿಯೊ ಕಳ್ಳನಲ್ಲ.