ಇಬ್ಬರಲ್ಲಿ ರೋಗಿ ಯಾರು ಎಂದು ಕೇಳುವ ಆಸ್ಪತ್ರೆಗೆ

ಮಾನ್ಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯಲ್ಲಿ ಇನ್ನು ಮುಂದೆ ಗಂಡ ಹೆಂಡತಿ ಒಟ್ಟಿಗೆ ಕೂತು ಸಮಾಲೋಚನೆ ಪಡೆಯುವಂತಿಲ್ಲ ಎಂದು ತಾವು ಆದೇಶ ಹೊರಡಿಸಿದ್ದೀರಿ. ಒಂದು ಚೀಟಿಗೆ ಒಬ್ಬರೇ ರೋಗಿ, ಜೊತೆಗೆ ಬಂದವರು ಹೊರಗಿನ ಬೆಂಚಿನ ಮೇಲೆ. ಕೆಮ್ಮಿಗೆ, ಹಲ್ಲುನೋವಿಗೆ ಇದು ತಕ್ಕ ನಿಯಮವೇ, ಒಪ್ಪುತ್ತೇನೆ. ಹಲ್ಲುನೋವು ಇಬ್ಬರಿಗೆ ಸೇರಿ ಬರುವುದಿಲ್ಲ. ಆದರೆ ನಾನೂ ನಮ್ಮ ಯಜಮಾನರೂ ತಂದಿದ್ದ ಕಾಯಿಲೆ ಇಬ್ಬರಿಗೂ ಸೇರಿದ್ದು. ಅದಕ್ಕೆ ಅರ್ಧ ದಂಪತಿಯನ್ನು ಒಳಗೆ ಕರೆದು ಚಿಕಿತ್ಸೆ ಕೊಡುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ? ಆ ವಿದ್ಯೆಯಿಂದಾಗಿ ನನ್ನ ಸಂಸಾರ ಕೈಜಾರುತ್ತಿದೆ. ತಡೆಯುವ ದಾರಿ ಬೇರೇನೂ ತೋಚದೆ ಈ ಪತ್ರವನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಹೇಳುವವಳು. ತಾವು ಬಸ್ಸಿನಲ್ಲಿ ಓಡಾಡುವವರಲ್ಲವಾದ್ದರಿಂದ ನನ್ನ ದನಿಯ ಪರಿಚಯ ತಮಗಿರಲಾರದು. ಆ ಗದ್ದಲದಲ್ಲಿ ಒಂದು ಮಾತನ್ನು ಒಂದೇ ಸಲ ಹೇಳಿದರೆ ಹೇಳದ ಹಾಗೇ ಲೆಕ್ಕ. ಮೂರು ಸಲ ಹೇಳಬೇಕು, ಬಿಡಿಸಿ ಬಿಡಿಸಿ ಹೇಳಬೇಕು. ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್. ಲಿಫ್ಟು ಕೆಟ್ಟರೆ ಮೊದಲು ಮೇನ್ ಸ್ವಿಚ್ ಆರಿಸಬೇಕು, ಆಮೇಲೆ ಒಳಗೆ ಕೈ ಹಾಕಬೇಕು ಎನ್ನುವುದು ಅವರ ಕಸುಬಿನ ಮೊದಲ ಪಾಠ. ಮರೆತವರೊಬ್ಬರ ಕೈ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಇಂಥ ಇಬ್ಬರನ್ನು ಒಂದು ಅಡುಗೆಮನೆಯಲ್ಲಿ ನಿಲ್ಲಿಸಿ, ನಲ್ಲಿ ಸೋರುತ್ತಿದೆ ಎಂಬ ವಿಷಯ ಕೊಟ್ಟು ನೋಡಿ. ನಾನು ಮೂರು ಸಲ ಹೇಳುತ್ತೇನೆ. ಎರಡನೆಯ ಸಲಕ್ಕೇ ಅವರು ಆರಿಹೋಗಿರುತ್ತಾರೆ. ಅವರ ಬಾಯಿ ಮುಚ್ಚಿದ್ದನ್ನು ಕಂಡು ನಾನು ಇನ್ನೂ ಜೋರಾಗಿ ನಾಲ್ಕನೆಯ ಸಲ ಹೇಳುತ್ತೇನೆ. ಆಮೇಲೆ ವಾರಗಟ್ಟಲೆ ಮನೆಯಲ್ಲಿ ಮಾತಿಲ್ಲ, ನಲ್ಲಿಯದ್ದೊಂದೇ ಸದ್ದು.

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲಮ್ಮ, ಇದಕ್ಕೆಲ್ಲ ಆಸ್ಪತ್ರೆ ಯಾಕೆ?” ಎಂದು ತಮ್ಮ ಕಚೇರಿಯ ಗುಮಾಸ್ತರು ಮೊನ್ನೆ ನನಗೆ ಬುದ್ಧಿ ಹೇಳಿದರು. ಅವರಿಗೆ ತಿಳಿಸಿಬಿಡಿ: ನಾವು ಉಂಡಿದ್ದೂ ಆಯಿತು, ಮಲಗಿದ್ದೂ ಆಯಿತು. ಬೆಳಿಗ್ಗೆ ಏಳುವಾಗ ಜಗಳ ನಮಗಿಂತ ಮೊದಲೇ ಎದ್ದು ಕೂತಿರುತ್ತಿತ್ತು. ಉಂಡು ಮಲಗಿ ವಾಸಿಯಾಗದೆ ಇದ್ದದ್ದಕ್ಕೇ ತಮ್ಮ ಬಾಗಿಲಿಗೆ ಬಂದದ್ದು.

ಬಂದದ್ದು ವ್ಯರ್ಥವಾಗಲಿಲ್ಲ, ಅದನ್ನು ಮೊದಲು ಹೇಳಬೇಕು. ತಮ್ಮಲ್ಲಿರುವ ಸಮಾಲೋಚಕಿ ಮೇಡಂ ನಮ್ಮನ್ನು ಎದುರುಬದುರು ಕೂರಿಸಿ ಒಂದೇ ಒಂದು ಕಟ್ಟಳೆ ಹಾಕಿದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಬಾಯಿಂದ ಒಪ್ಪಿಸಬೇಕು. ಹೇಳಿದವರು ಹೌದು ಅಂದ ಮೇಲಷ್ಟೇ ಉತ್ತರ ಕೊಡಬೇಕು. ಮೊದಮೊದಲು ನನಗೆ ನಗು ಬಂತು. ಇಷ್ಟು ವಯಸ್ಸಾದ ಮೇಲೆ ಮಗ್ಗಿ ಒಪ್ಪಿಸುವ ಹಾಗೆ ಮಾತು ಒಪ್ಪಿಸುವುದೇ ಎಂದುಕೊಂಡೆ. ಎರಡನೆಯ ಬಾರಿ ಹೋದಾಗ ಮನಸ್ಸಿನಲ್ಲಿದ್ದದ್ದನ್ನು ಆಡಿಯೇಬಿಟ್ಟೆ.

“ನಾನು ಮಾತಾಡ್ತಾ ಇದ್ರೆ ಇವ್ರು ಗೋಡೆ ನೋಡ್ತಾರೆ ಮೇಡಂ. ಇವ್ರಿಗೆ ನಾನು ಯಾವ ಲೆಕ್ಕಕ್ಕೂ ಇಲ್ಲ.”

ಈಗ ಅವರು ಒಪ್ಪಿಸಬೇಕಿತ್ತು. ಅಂಗೈಗೆ ಅಂಟಿದ್ದ ಗ್ರೀಸನ್ನು ಉಜ್ಜಿಕೊಳ್ಳುತ್ತ ಒಪ್ಪಿಸಿದರು.

“ನಾನು ಸುಮ್ನಾದ್ರೆ, ನಿನ್ನ ಕಂಡ್ರೆ ನನಗೆ ತಾತ್ಸಾರ ಅಂತ ಅನ್ಸುತ್ತೆ ನಿನಗೆ. ಹೌದಾ?”

“ಹೂಂ.”

“ತಾತ್ಸಾರ ಅಲ್ಲ. ಬಿಸಿ ಇರೋವಾಗ ಕೈ ಹಾಕಿದ್ರೆ ಏನಾದ್ರೂ ಮುರಿದು ಹೋಗುತ್ತೇನೋ ಅಂತ ಭಯ ನನಗೆ. ಅದಕ್ಕೆ ಆಫ್ ಆಗ್ಬಿಡ್ತೀನಿ.”

ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿ, ಅವರಿಗೆ ಭಯವಾಗುತ್ತದೆ ಎಂಬುದನ್ನು ನಾನು ಮೊದಲು ಕೇಳಿದ್ದು ತಮ್ಮ ಆಸ್ಪತ್ರೆಯಲ್ಲಿ. ಒಂದೇ ಸಲ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ಹೆದರಿಕೆ ನನಗೂ ಇದೆ ಎಂದು ಅವರು ಕೇಳಿಸಿಕೊಂಡದ್ದೂ ಅಲ್ಲೇ. ಸುಮ್ಮನಾಗುವುದಾದರೆ ಮತ್ತೆ ಯಾವಾಗ ಮಾತಾಡುತ್ತೇನೆಂದು ಅವರು ಹೇಳಿಯೇ ಸುಮ್ಮನಾಗಬೇಕು, ಅಲ್ಲಿಯವರೆಗೆ ನಾನು ಎರಡನೆಯ ಸಲ ಹೇಳಬಾರದು ಎಂದು ಗೊತ್ತುಮಾಡಿಕೊಂಡೆವು. “ಊಟ ಆದ್ಮೇಲೆ ಮಾತಾಡ್ತೀನಿ” ಎನ್ನುತ್ತಿದ್ದರು. ನಾನು ತುಟಿ ಕಚ್ಚಿಕೊಂಡು ಅನ್ನಕ್ಕಿಡುತ್ತಿದ್ದೆ. ಊಟವಾದ ಮೇಲೆ ಅವರು ನಿಜವಾಗಿ ಮಾತಾಡುತ್ತಿದ್ದರು, ಮಾನ್ಯರೇ! ನಲ್ಲಿಯೂ ಸರಿಹೋಯಿತು. ನನಗೆ ಆ ದಿನಗಳಲ್ಲಿ ಆದಷ್ಟು ಸಂತೋಷ ಮದುವೆಯ ಹೊಸದರಲ್ಲೂ ಆಗಿರಲಿಲ್ಲ.

ಅಷ್ಟರಲ್ಲಿ ತಮ್ಮ ಆದೇಶ ಬಂತು. ಚೀಟಿ ಕೊಡುವ ಕಿಟಕಿಯಲ್ಲಿದ್ದವರು ನಮ್ಮನ್ನು ನೋಡಿ ಕೇಳಿದರು: “ಇಬ್ಬರಲ್ಲಿ ರೋಗಿ ಯಾರು?”

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದೇ ಪ್ರಶ್ನೆಯನ್ನಲ್ಲವೇ ನಾವು ಮನೆಯಲ್ಲಿ ವರ್ಷಗಟ್ಟಲೆ ಕೂಗಾಡಿಕೊಂಡು ಕೇಳಿದ್ದು? ತಪ್ಪು ಯಾರದ್ದು, ತಲೆ ಕೆಟ್ಟಿರುವುದು ಯಾರಿಗೆ ಎಂದು? ಆ ಪ್ರಶ್ನೆಯನ್ನೇ ಬಿಡಿ ಎಂದು ಒಳಗಿನ ಕೋಣೆಯಲ್ಲಿ ಕಲಿಸುತ್ತಾರೆ, ಹೊರಗಿನ ಕಿಟಕಿಯಲ್ಲಿ ಅದಕ್ಕೆ ಉತ್ತರ ಕೊಡದೆ ಒಳಗೆ ಬಿಡುವುದಿಲ್ಲ.

“ಕಂಪ್ಯೂಟರ್ ಇಬ್ಬರನ್ನ ತಗೊಳಲ್ಲಮ್ಮ. ಬೇಗ ಹೇಳಿ, ಹಿಂದೆ ಜನ ನಿಂತಿದ್ದಾರೆ.”

“ನನ್ನ ಹೆಸರೇ ಬರ್ಕೊಳಿ” ಅಂದುಬಿಟ್ಟೆ. ಒಂದು ಹೆಸರು ತಾನೇ, ಬಾಗಿಲು ತೆರೆದರೆ ಸಾಕು ಎಂದುಕೊಂಡೆ. ಬಾಗಿಲು ತೆರೆಯಿತು, ನನಗೊಬ್ಬಳಿಗೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಮುಚ್ಚಿದ ಬಾಗಿಲಿನಿಂದ ಬಿಡಿಸುವುದನ್ನೇ ಕಸುಬು ಮಾಡಿಕೊಂಡವರು ಪೆಚ್ಚುಮೋರೆ ಹಾಕಿಕೊಂಡು ಬೆಂಚಿನ ಮೇಲೆ ಕೂತರು. ಒಳಗೆ ಮೇಡಂ ಕೈಚೆಲ್ಲಿದರು. “ನಾನೂ ಮೇಲಿನವರಿಗೆ ಹೇಳಿ ನೋಡ್ದೆ, ಕೇಳ್ಲಿಲ್ಲ. ನಾನೇನು ಮಾಡ್ಲಿ ಹೇಳಿ?” ಎಂದರು. ನನ್ನ ಮಾತನ್ನು ಒಪ್ಪಿಸಬೇಕಾದವರು ಗೋಡೆಯ ಆಚೆಗಿದ್ದರು. ಇಬ್ಬರು ಹೆಂಗಸರು ಕೂತು ಅಲ್ಲಿಲ್ಲದ ಗಂಡಸಿನ ಬಗ್ಗೆ ಮಾತಾಡುವುದಕ್ಕೆ ಆಸ್ಪತ್ರೆಯೇ ಬೇಕೆ? ಅದನ್ನು ನಾನು ಅಕ್ಕಪಕ್ಕದ ಮನೆಯವರೊಂದಿಗೆ ಇನ್ನೂ ಚೆನ್ನಾಗಿ ಮಾಡುತ್ತೇನೆ.

ಮನೆಗೆ ಬರುವಷ್ಟರಲ್ಲಿ, ಚೀಟಿಯಲ್ಲಿ ಯಾರ ಹೆಸರಿದೆ ಎಂಬ ಸುದ್ದಿ ಭಾವನವರ ಮನೆಯಲ್ಲಿರುವ ಅತ್ತೆಯವರಿಗೆ ಮುಟ್ಟಿತು. “ನಾನು ಆವತ್ತೇ ಹೇಳಿರ್ಲಿಲ್ವಾ? ಈಗ ದೊಡ್ಡಾಸ್ಪತ್ರೆಯೋರೇ ಹೇಳ್ತಿದ್ದಾರೆ” ಎಂದು ಫೋನಿನಲ್ಲಿ ಅಂದರು. ಅದನ್ನು ತಡೆದುಕೊಳ್ಳಬಹುದಿತ್ತು, ಅತ್ತೆಯ ಮಾತು ನನಗೆ ಹೊಸದಲ್ಲ. ತಡೆದುಕೊಳ್ಳಲಾಗದ್ದು ನಮ್ಮ ಯಜಮಾನರು ಮೆತ್ತಗೆ, ನನ್ನ ತಲೆ ನೇವರಿಸಿ ಹೇಳಿದ್ದು.

“ನೀನು ಮೊದ್ಲು ವಾಸಿ ಮಾಡ್ಕೋ. ನಾನು ಎದುರಿಗಿದ್ರೆ ನಿನಗೆ ಜಾಸ್ತಿ ಆಗುತ್ತೆ. ಅಲ್ಲೀತನಕ ಅಣ್ಣನ ಮನೇಲಿರ್ತೀನಿ.”

“ರೀ, ನನಗೇನೂ ಆಗಿಲ್ಲ” ಅಂದೆ. ನನಗೇನೂ ಆಗಿಲ್ಲ, ಆಗಿಲ್ಲ ಅಂದೆ. ಹೇಳಿದಷ್ಟೂ ರೋಗಿಯ ಹಾಗೆಯೇ ಕಂಡಿರಬೇಕು ನಾನು. ಬಟ್ಟೆಯ ಚೀಲ ಹಿಡಿದು ಹೋದರು. ಸಿಟ್ಟಿನಿಂದ ಹೋಗಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ನನ್ನ ಒಳ್ಳೆಯದಕ್ಕೆಂದು ಹೋದವರ ಮೇಲೆ ಏನು ಮಾಡಲಿ? ಈಗ ಮನೆಯಲ್ಲಿ ನಾನೊಬ್ಬಳೇ, ಪೂರ್ತಿ ಆರೋಗ್ಯವಾಗಿ, ಇಬ್ಬರ ಅಡುಗೆ ಮಾಡಿ ಅರ್ಧ ಚೆಲ್ಲುತ್ತಿದ್ದೇನೆ.

ಒಬ್ಬೊಬ್ಬರೇ ಬಂದರೆ ದಿನಕ್ಕೆ ಹೆಚ್ಚು ರೋಗಿಗಳನ್ನು ನೋಡಿದಂತಾಗುತ್ತದೆ, ಅಂಕಿಅಂಶ ಚೆನ್ನಾಗಿ ಕಾಣುತ್ತದೆ ಎಂದು ಗುಮಾಸ್ತರು ವಿವರಿಸಿದರು. ಚೆನ್ನಾಗಿಯೇ ಕಾಣಲಿ. ಒಂದು ಅನುಮಾನ ಮಾತ್ರ ಪರಿಹರಿಸಿ. ಮದುವೆ ನೋಂದಾಯಿಸುವ ಕಚೇರಿಗೆ ನಾವಿಬ್ಬರೂ ಹೋಗಬೇಕಿತ್ತು, ಒಬ್ಬರೇ ಹೋದರೆ ವಾಪಸ್ ಕಳಿಸುತ್ತಿದ್ದರು. ನಾಳೆ ಬೇರೆಯಾಗುವುದಾದರೂ ನ್ಯಾಯಾಲಯ ಇಬ್ಬರನ್ನೂ ಎದುರಿಗೆ ನಿಲ್ಲಿಸಿಯೇ ಕೇಳುತ್ತದೆ. ಕೂಡುವುದಕ್ಕೆ ಇಬ್ಬರು ಬೇಕು, ಬಿಡುವುದಕ್ಕೆ ಇಬ್ಬರು ಬೇಕು, ಜೊತೆಗೆ ಉಳಿಯುವುದಕ್ಕೆ ಮಾತ್ರ ಒಬ್ಬರು ಸಾಕೆ? ಒಂದು ಕೈಯಿಂದ ಚಪ್ಪಾಳೆ ತಟ್ಟುವುದನ್ನು ತಾವಾದರೂ ಒಮ್ಮೆ ಮಾಡಿ ತೋರಿಸಿ.

ನಾನು ದೊಡ್ಡದೇನನ್ನೂ ಕೇಳುತ್ತಿಲ್ಲ. ಹೊಸ ಕಟ್ಟಡ ಬೇಡ, ಹೊಸ ವೈದ್ಯರು ಬೇಡ. ಆ ಕೋಣೆಗೆ ಇನ್ನೊಂದು ಕುರ್ಚಿಯನ್ನು ಮತ್ತೆ ಹಾಕಿಸಿ, ಗಂಡ ಹೆಂಡತಿ ಇಬ್ಬರನ್ನೂ ಒಂದೇ ಚೀಟಿಯಲ್ಲಿ ಒಳಗೆ ಬಿಡುವಂತೆ ಆದೇಶ ತಿದ್ದಿ. ಅದೂ ಈ ವಾರದಲ್ಲೇ ತಿದ್ದಿ. ಅವಸರಕ್ಕೆ ಕಾರಣವಿದೆ. ನಿನ್ನೆ ಅವರಿಗೆ ಫೋನ್ ಮಾಡಿ, ಇನ್ನೊಂದು ಸಲ ಆಸ್ಪತ್ರೆಗೆ ಬನ್ನಿ ಎಂದು ಬೇಡಿಕೊಂಡೆ.

“ಇಬ್ಬರನ್ನೂ ಒಳಗೆ ಬಿಡೋದಾದ್ರೆ ಬರ್ತೀನಿ. ಮತ್ತೆ ಆ ಬೆಂಚ್ ಮೇಲೆ ಕೂರ್ಸೋದಾದ್ರೆ ಇನ್ನು ಕರೀಬೇಡ” ಎಂದರು.

“ಬಿಡ್ತಾರೆ, ಬನ್ನಿ” ಎಂದೆ. ಗುರುವಾರ ಬರುತ್ತಾರೆ. ತಮ್ಮನ್ನು ಕೇಳದೆಯೇ ತಮ್ಮ ಪರವಾಗಿ ನನ್ನ ಗಂಡನಿಗೆ ಮಾತು ಕೊಟ್ಟುಬಿಟ್ಟಿದ್ದೇನೆ, ಮಾನ್ಯರೇ. ನನ್ನನ್ನು ಸುಳ್ಳುಗಾತಿ ಮಾಡಬೇಡಿ.

ಇಂತಿ,
ಸದ್ಯಕ್ಕಂತೂ ಅವರ ಹೆಂಡತಿಯೇ ಆಗಿರುವವಳು